ಬೇಟೆಗೆ ತಕ್ಕ ಕತ್ತರಿ

ಬೇಟೆಗೆ ಹೋಗುವವನು ಕೈಯಲ್ಲಿ ಏನು ಹಿಡಿದಿರಬೇಕು ಎಂಬ ಬಗ್ಗೆ ನಮ್ಮ ಜನ ಆಳವಾಗಿ ಯೋಚಿಸಿಲ್ಲ. ಬಂದೂಕು, ಭರ್ಜಿ, ಬಲೆ, ದೊಣ್ಣೆ, ಬಾಯಿಗೆ ಎಲೆ ಅಡಿಕೆ. ಅಷ್ಟಕ್ಕೇ ನಿಲ್ಲಿಸಿದ್ದಾರೆ. ನಾನೊಬ್ಬ ಇನ್ನೂ ಸ್ವಲ್ಪ ಮುಂದೆ ಹೋಗಿ ಯೋಚಿಸಿದೆ. ಗಿಡ ಸವರುವ ಕೈಕತ್ತರಿ ಬೇಕು ಎಂಬ ತೀರ್ಮಾನಕ್ಕೆ ಬಂದೆ. ಆ ತೀರ್ಮಾನದಲ್ಲಿ ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ. ಆಮೇಲೆ ನಡೆದದ್ದು ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಆದರೂ ನಡೆದ ಹಾಗೆಯೇ ಹೇಳುತ್ತೇನೆ. ನೋಡದ್ದನ್ನು ಸೇರಿಸುವುದಿಲ್ಲ. ನೋಡಿದ್ದೇ ಬೇಕಾದಷ್ಟಿದೆ!

ಆಗ ಯುದ್ಧದ ಕಾಲ. ನಾನು ಮಾಲೂರಿನಲ್ಲಿ ರೇಷ್ಮೆ ಕೆಲಸದ ಸಣ್ಣ ಸರ್ಕಾರಿ ನೌಕರ. ಹಿಪ್ಪುನೇರಳೆ ಗಿಡವನ್ನು ಹೇಗೆ ಸವರಬೇಕೆಂದು ರೈತರಿಗೆ ತೋರಿಸುವುದು ನನ್ನ ಉದ್ಯೋಗ. ಅವರು ಅಜ್ಜಂದಿರ ಕಾಲದಿಂದ ಸವರುತ್ತಲೇ ಇದ್ದರು. ಆದರೂ ತೋರಿಸಬೇಕು, ಹುಕುಂ! ನಮ್ಮ ಮೇಲಧಿಕಾರಿಗಳು ಇಂಗ್ಲಿಷ್ ಓದಿದವರು. ಸಾಲಿನ ತುದಿಯಲ್ಲಿ ಕೊಡೆ ಹಿಡಿದು ನಿಂತು "ಕಟ್!" ಎನ್ನುತ್ತಿದ್ದರು. ನಾನು ಕತ್ತರಿಸುತ್ತಿದ್ದೆ. ಮತ್ತೆ "ಕಟ್!" ಮತ್ತೆ ಕತ್ತರಿಸುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆದು, ಆ ಮಾತಿಗೂ ನನ್ನ ಬೆರಳಿಗೂ ನಡುವೆ ತಲೆ ಎಂಬುದೊಂದು ಇದೆ ಎನ್ನುವುದೇ ಮರೆತುಹೋಗಿತ್ತು.

ನನ್ನ ಹೆಂಡತಿ ನಾರಾಯಣಮ್ಮನ ತವರು ಶ್ರೀನಿವಾಸಪುರದ ಕಡೆ, ಯಲ್ದೂರಿನಿಂದಾಚೆಯ ಒಂದು ಹಳ್ಳಿ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಊರಿನ ಗಂಡಸರೆಲ್ಲ ಹಂದಿ ಬೇಟೆಗೆ ಹೊರಡುವುದು ಅಲ್ಲಿನ ಪದ್ಧತಿ. ಹಿಂದಿನ ವರ್ಷ ಅಳಿಯನೆಂಬ ಗೌರವದಿಂದ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಾನು ಒಂದು ಸೀಗೆ ಮೆಳೆಗೆ ಸಿಕ್ಕಿಕೊಂಡೆ. ಪಂಚೆ ಒಂದು ಕಡೆ, ಜುಬ್ಬ ಇನ್ನೊಂದು ಕಡೆ, ನಾನು ನಡುವೆ! ಬೇಟೆ ನಿಲ್ಲಿಸಿ ನನ್ನನ್ನು ಬಿಡಿಸುವಷ್ಟರಲ್ಲಿ ಹಂದಿ ಮುಳಬಾಗಿಲಿನ ದಿಕ್ಕು ಹಿಡಿದಿತ್ತು. ಅಂದಿನಿಂದ ಆ ಊರಿನಲ್ಲಿ ನನ್ನ ಹೆಸರು "ತೊಡಕಲ್ಲುಡು". ಅಲ್ಲುಡು ಎಂದರೆ ತೆಲುಗಿನಲ್ಲಿ ಅಳಿಯ. ತೊಡಕು ಯಾವ ಭಾಷೆಯಲ್ಲಿದ್ದರೂ ತೊಡಕೇ.

"ರೀ, ನಮ್ಮತ್ತಿಗೆ ಕೂಡ ಹಂಗೇ ಅಂತಾಳೆ ಕಣ್ರೀ," ಎಂದಳು ನಾರಾಯಣಮ್ಮ. "ಬಾವಿ ಹತ್ರ ಎಲ್ಲರ ಮುಂದೆ, 'ಏನಮ್ಮಾ, ನಿಮ್ಮ ತೊಡಕು ಚೆನ್ನಾಗವ್ರಾ?' ಅಂತ ಕೇಳ್ತಾಳೆ. ಈ ಸಲ ಆ ಹೆಸರು ಹೋಗ್ಬೇಕು. ಹೋಗ್ಲಿಲ್ವೋ, ನಾನು ತವರಿಗೆ ಕಾಲಿಡಲ್ಲ."

"ಹೋಗುತ್ತೆ ಕಣೇ. ಉಪಾಯ ಮಾಡಿದ್ದೀನಿ."

"ಏನದು?"

"ಕತ್ತರಿ."

ಅವಳು ರಾಗಿ ಮುದ್ದೆ ತಿರುವುತ್ತಿದ್ದ ಕೋಲನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಹಂದಿಗೆ ಕ್ಷೌರ ಮಾಡೋಕೆ ಹೋಗ್ತೀರಾ?"

ನಾನು ಶಾಂತವಾಗಿ ವಿವರಿಸಿದೆ. ಮುಳ್ಳು ಹಿಡಿದರೆ ಮಚ್ಚಿನಿಂದ ಕಡಿಯಬಹುದು, ನಿಜ. ಆದರೆ ಮಚ್ಚು ಸದ್ದು ಮಾಡುತ್ತದೆ, ಹಂದಿ ಓಡುತ್ತದೆ. ಕೈಕತ್ತರಿ ಸದ್ದಿಲ್ಲದೆ ಮುಳ್ಳನ್ನು ಕತ್ತರಿಸುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡು, "ಮುದ್ದೆ ಗಂಟಾಯ್ತು," ಎಂದಳು.

ಇನ್ನು ಆಯ್ಕೆಯ ವಿಷಯ. ಆಫೀಸಿನ ಕತ್ತರಿ ಮನೆಯಲ್ಲೇ ಇತ್ತು. ಅದನ್ನು ಕರಿಬೇವಿನ ಗಿಡದ ಮೇಲೆ ಪರೀಕ್ಷಿಸಿದೆ. ಒಂದು ಕಡ್ಡಿಗೆ ಬಹಳ ಹೊತ್ತು ಹಿಡಿಯಿತು. ಕಡ್ಡಿ ತುಂಡಾಗಲಿಲ್ಲ, ಬೇಸತ್ತು ಬಾಗಿತು. ಬೈರಕೂರಿನ ಕಮ್ಮಾರ ಮಾಡಿದ ಇನ್ನೊಂದನ್ನು ಪಕ್ಕದ ಮನೆಯಿಂದ ಎರವಲು ತಂದೆ. ಹರಿತವೇನೋ ಇತ್ತು, ಆದರೆ ತೆರೆದಾಗೊಮ್ಮೆ ಮುಚ್ಚಿದಾಗೊಮ್ಮೆ "ಕೀಂಯ್" ಎನ್ನುತ್ತಿತ್ತು. ನಾರಾಯಣಮ್ಮ ಒಳಗಿನಿಂದ, "ಯಾರ್ರೀ ಅದು ಹಂದಿಮರಿ ತಂದಿರೋದು?" ಎಂದು ಕೂಗಿದಳು. ಅದೂ ಬಿದ್ದುಹೋಯಿತು.

ಕೊನೆಗೆ ಕೋಲಾರಕ್ಕೇ ಹೋದೆ. ಅಲ್ಲಿ ಕಬ್ಬಿಣದ ಅಂಗಡಿಯ ಗಫೂರ್ ಸಾಬರು ನನಗೆ ಹಳೆಯ ಪರಿಚಯ.

"ಕ್ಯಾ ಸಾಮಿ, ಶಿಕಾರಿಗೆ ಕೈಂಚಿ?" ಎಂದರು. "ಜಾನ್ವರ್‌ಗೆ ಅಂಗಿ ಹೊಲೀತೀರಾ?"

"ಸದ್ದು ಇರಬಾರದು ಸಾಬರೇ. ಹರಿತ ಇರಬೇಕು."

ಅವರು ಒಳಗಿನಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ವಿಲಾಯಿತಿ ಕತ್ತರಿ ತಂದರು. ಯುದ್ಧಕ್ಕೆ ಮುಂಚಿನ ಮಾಲು. ಅಂಗಡಿಯಲ್ಲಿ ತೂಗುಬಿಟ್ಟಿದ್ದ ಹೆಬ್ಬೆರಳು ಗಾತ್ರದ ಹಗ್ಗಕ್ಕೆ ಅದನ್ನು ಮುಟ್ಟಿಸಿದರು. ಹಗ್ಗದ ತುಂಡು ಕೆಳಗೆ ಬಿದ್ದಿತು. ಸದ್ದೇ ಇಲ್ಲ! ಅದನ್ನೇ ಕೊಂಡೆ. ಮನೆಗೆ ಬಂದು ಜೇಬಿನಿಂದ ಬೇಗ ತೆಗೆಯುವುದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಜೇಬು ಹರಿಯಿತು. ಹರಿತದ ಬಗ್ಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು.

ವರ್ಷತೊಡಕಿನ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಎಲ್ಲರೂ ಸೇರಿದೆವು. ಬೇಟೆಯ ಯಜಮಾನ ಪಾಪಣ್ಣ, ಊರಿಗೇ ಹಿರಿಯ. ನಮ್ಮ ಮಾವನವರ ಹೆಗಲ ಮೇಲೆ ಬಂದೂಕು ಇತ್ತು. ಯುದ್ಧದ ದೆಸೆಯಿಂದ ತೋಟಾ ಸಿಗುತ್ತಿರಲಿಲ್ಲ. ಆದರೂ ಬಂದೂಕಿಲ್ಲದೆ ಹೊರಟರೆ ಬೇಟೆಗೆ ಕಳೆ ಇರುವುದಿಲ್ಲವೆಂದು ತಂದಿದ್ದರು. ಹೀಗಾಗಿ ಎಲ್ಲ ಭಾರವೂ ಬಲೆಯ ಮೇಲೆ. ಊರೆಲ್ಲ ಸೇರಿ ಹೆಣೆದ ಬಲೆ.

ಗುಡ್ಡ ಹತ್ತುವಾಗ ನನ್ನ ಕತ್ತರಿ ತನ್ನ ಯೋಗ್ಯತೆಯನ್ನು ತೋರಿಸಿತು. ಸೀಗೆ ಅಡ್ಡ ಬಂತು, ಹೋಯಿತು. ಕಾರೆ ಮುಳ್ಳು ಬಂತು, ಹೋಯಿತು. ಮಾವನವರ ರುಮಾಲು ಲಂಟಾನಕ್ಕೆ ಸಿಕ್ಕಿಕೊಂಡಾಗ ನಾನೇ ಬಿಡಿಸಿದೆ.

"ಭಲೇ ಅಲ್ಲುಡು!" ಎಂದರು ಮಾವನವರು. ತೊಡಕು ಎನ್ನಲಿಲ್ಲ. ಬರೀ ಅಲ್ಲುಡು! ಇದನ್ನು ನಾರಾಯಣಮ್ಮನಿಗೆ ಯಾವಾಗ ಹೇಳುವೆನೋ ಎಂದು ಮನಸ್ಸು ಹಾರಾಡಿತು.

ಪಾಪಣ್ಣನಿಗೂ ನನ್ನ ಮೇಲೆ ವಿಶ್ವಾಸ ಹುಟ್ಟಿರಬೇಕು. "ಅಲ್ಲುಡುಗಾರು ಬಲೆ ಹುರಿ ಹತ್ರ ಕೂತ್ಕೊಳ್ಳಿ," ಎಂದ. "ಹಂದಿ ಬಲೆಗೆ ಬಿದ್ದ ತಕ್ಷಣ ಹುರಿ ಎಳೀರಿ, ಬಾಯಿ ಮುಚ್ಕೊಳ್ಳುತ್ತೆ. ನಾನು ಹೇಳಿದಾಗ ಈ ಹೊಂಗೆ ಬುಡಕ್ಕೆ ಬಿಗಿಯೋದು. ಅಷ್ಟೇ ಕೆಲ್ಸ."

ಕೂತೆ. ಎಡಗೈಯಲ್ಲಿ ಹುರಿ. ಬಲಗೈಯಲ್ಲಿ ಕತ್ತರಿ. ಕತ್ತರಿಯನ್ನು ಜೇಬಿಗೆ ಹಾಕಬಹುದಿತ್ತು. ಜೇಬು ಹರಿದಿತ್ತೆಂದು ಮೊದಲೇ ಹೇಳಿದ್ದೇನೆ.

ಗುಡ್ಡದ ಮೇಲಿನಿಂದ ತಮಟೆ, ಕೂಗು, ನಾಯಿಗಳ ಬೊಗಳಾಟ ಕೇಳಿಸಿತು. ಆಮೇಲೆ ಹಂದಿ ಬಂತು. ನನ್ನ ಎಡಗಡೆಯಿಂದ ಬಂತು. ಅದು ಎಷ್ಟು ದೊಡ್ಡದೆಂದು ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳಿದ್ದೇನೆ: ಅದು ಬಂದ ಮೇಲೆ ಎಡಗಡೆಯಲ್ಲಿ ಬೇರೇನೂ ಕಾಣಿಸಲಿಲ್ಲ. ನೇರವಾಗಿ ಬಲೆಗೆ ನುಗ್ಗಿತು. ನಾನು ಹುರಿ ಎಳೆದೆ. ಬಲೆಯ ಬಾಯಿ ಮುಚ್ಚಿತು. ಇಲ್ಲಿಯವರೆಗೆ ನನ್ನಿಂದ ಒಂದು ತಪ್ಪೂ ಆಗಿರಲಿಲ್ಲ. ಇದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಪಾಪಣ್ಣ ಇಳಿಜಾರಿನಲ್ಲಿ ಓಡಿಬರುತ್ತಾ ಕೂಗಿದ. ಏದುಸಿರಿನಲ್ಲಿ ಮಾತಿನ ಬಾಲ ಉದುರಿಹೋಗಿತ್ತು.

"ಕಟ್ಟ್! ಕಟ್ಟ್!"

ಎರಡು ಸಲ ಹೇಳಿದ. ಎರಡು ಸಲ ಕತ್ತರಿಸಿದೆ.

ಕತ್ತರಿ ಸದ್ದೇ ಮಾಡಲಿಲ್ಲ. ಹುರಿಯ ತುಂಡು ನನ್ನ ತೊಡೆಯ ಮೇಲೆ ಬಿದ್ದಿತು. "ಅಯ್ಯೋ, ಕಟ್ಟೋ!" ಎಂದು ಪಾಪಣ್ಣ ಮತ್ತೆ ಅರಚಿದ. ಇನ್ನೇನು ಉಳಿದಿದೆ ಎಂದು ನಾನು ಹುಡುಕಿದೆ. ಬಲೆ ಉಳಿದಿತ್ತು!

ಹಂದಿ ಹೊರಗೆ ಬಂತು. ಆತುರವೇನೂ ಪಡಲಿಲ್ಲ. ನಿಂತು ನನ್ನ ಕಡೆ ನೋಡಿತು. ಆ ನೋಟದಲ್ಲಿ ಕೃತಜ್ಞತೆ ಇತ್ತೆಂದು ಆಮೇಲೆ ಕೆಲವರು ಹೇಳಿದರು. ನಾನು ಹಾಗೆ ಹೇಳಲಾರೆ. ಕೋರೆಹಲ್ಲು ಇತ್ತು, ಅದು ನಿಶ್ಚಯ. ಮಾವನವರು ಅಭ್ಯಾಸಬಲದಿಂದ ಬಂದೂಕು ಎತ್ತಿ ಗುರಿಯಿಟ್ಟು, ಬೇರೆ ದಾರಿ ಕಾಣದೆ ಬಾಯಲ್ಲೇ "ಢಂ!" ಎಂದರು. ಹಂದಿ ಲಂಟಾನದೊಳಗೆ ಹೋಯಿತು. ಹೋಗುವ ದಾರಿಯಲ್ಲಿ ಅದಕ್ಕೆ ಒಂದು ಮುಳ್ಳೂ ತಾಗಲಿಲ್ಲ. ಆ ದಾರಿಯನ್ನು ಬೆಳಿಗ್ಗೆ ನಾನೇ ಸವರಿದ್ದೆ.

"ಯಾಕಯ್ಯಾ ಕತ್ತರಿಸ್ದೆ?" ಎಂದ ಪಾಪಣ್ಣ. ಅಲ್ಲುಡುಗಾರು ಹೋಗಿ ಅಯ್ಯಾ ಬಂದಿತ್ತು.

"ನೀವೇ ಕಟ್ ಅಂದ್ರಲ್ಲಾ!"

"ಕಟ್ಟು ಅಂದೆ ಕಣಯ್ಯಾ! ಕಟ್ಟು! ಕನ್ನಡದಾಗೂ ಕಟ್ಟು, ತೆಲುಗಲ್ಲೂ ಕಟ್ಟು!"

"ಇಂಗ್ಲಿಷಿನಲ್ಲಿ ಕಟ್ ಅಂದರೆ..." ಎಂದು ವಿವರಿಸಲು ಹೊರಟೆ. ಹೊರಡಬಾರದಿತ್ತು.

ಪಾಪಣ್ಣ ಪೂರ್ತಿ ಕೇಳಿಸಿಕೊಂಡು ಉಳಿದವರ ಕಡೆ ತಿರುಗಿದ. "ಕೇಳಿದ್ರೇನ್ರಲಾ? ಇಂಗ್ಲಿಷ್ನೋರಿಗೆ ಕಟ್ಟು ಅಂದ್ರೆ ಕತ್ತರಿಸ್ತಾರಂತೆ. ಅದಕ್ಕೇ ಅವರ ಕೈಗೆ ಸಿಕ್ಕಿದ್ದೆಲ್ಲ ಹಿಂಗಾಗಿರೋದು!"

ಎಲ್ಲರೂ ನಕ್ಕರು. ಮಾವನವರು ನಗದೆ ಬಂದೂಕು ಒರೆಸುತ್ತಾ ನಿಂತರು. ಅದೇ ಹೆಚ್ಚು ಚುಚ್ಚಿತು. ಆಫೀಸಿನ ಕತ್ತರಿ ತಂದಿದ್ದರೆ ಹುರಿ ಉಳಿಯುತ್ತಿತ್ತು ಎಂದು ಆಗ ಹೊಳೆಯಿತು. ಸರ್ಕಾರ ಯಾವುದನ್ನೂ ಅಷ್ಟು ಬೇಗ ಕತ್ತರಿಸುವುದಿಲ್ಲ.

ವರ್ಷತೊಡಕಿಗೆ ಮಾಂಸವಿಲ್ಲದಿದ್ದರೆ ಆಗುತ್ತದೆಯೇ? ಊರಿನವರು ಸೇರಿ ಕುರಿ ಕಡಿದರು. ಪಾಪಣ್ಣ ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಹಾಕಿದ. ಬೇಟೆಗೆ ಬಂದವರಿಗೆಲ್ಲ ಪಾಲು. ಬಲೆಗೊಂದು ಗುಡ್ಡೆ, ನಾಯಿಗಳಿಗೊಂದು ಗುಡ್ಡೆ, "ಢಂ" ಎಂದ ಬಂದೂಕಿಗೂ ಒಂದು ಗುಡ್ಡೆ! ನಾನು ಮುಂದೆ ಬಂದು ನಿಂತೆ.

"ಇವರಿಗೆ?" ಎಂದು ಯಾರೋ ಕೇಳಿದರು.

ಪಾಪಣ್ಣ ಗಂಭೀರವಾಗಿ ಯೋಚಿಸಿದ. "ಅಲ್ಲುಡುಗಾರು ಇವತ್ತು ಯಾರ ಕಡೆ ಬೇಟೆ ಆಡಿದ್ರು?"

"ಹಂದಿ ಕಡೆ!" ಎಂದಿತು ಇಡೀ ಊರು.

"ಹಂಗಾದ್ರೆ ಹಂದೀನೇ ಪಾಲು ಕೊಡ್ಲಿ. ಅವ್ರವ್ರ ಮನೆ ವ್ಯವಹಾರ. ನಾವು ಮಧ್ಯೆ ಹೋಗಬಾರ್ದು."

ಮಾವನವರ ಮನೆಯಲ್ಲಿ ನನ್ನ ಎಲೆಗೆ ನಿನ್ನೆಯ ಒಬ್ಬಟ್ಟು, ನಿನ್ನೆಯ ಸಾರು ಬಂತು. ಎದುರಿಗೆ ನಾರಾಯಣಮ್ಮ ಅತ್ತಿಗೆಯ ಪಕ್ಕದಲ್ಲಿ ಕೂತು ಮೂಳೆ ಹೀರುತ್ತಿದ್ದಳು.

"ನೀನು ಯಾರ ಕಡೆ ಕಣೇ?" ಎಂದೆ ಮೆಲ್ಲಗೆ.

"ನಾನು ಗುಡ್ಡೆ ಕಡೆ ಕಣ್ರೀ," ಎಂದಳು. ಆಮೇಲೆ ಸ್ವಲ್ಪ ಮರುಕ ಬಂದಿರಬೇಕು. "ಹೋಗ್ಲಿ ಬಿಡಿ, ಹಳೇ ಹೆಸರು ಹೋಯ್ತಲ್ಲ."

ನಿಜ. ಆ ಊರಿನಲ್ಲಿ ಈಗ ಯಾರೂ ನನ್ನನ್ನು ತೊಡಕಲ್ಲುಡು ಎನ್ನುವುದಿಲ್ಲ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದಾಗ ಮಾತ್ರ ಮಾಲೂರಿನವರೆಗೂ ಹೇಳಿ ಕಳಿಸುತ್ತಾರೆ: "ನಿಮ್ಮೋರು ಬಂದವ್ರೆ. ಬಂದು ಮಾತಾಡಿಸ್ಕೊಂಡು ಹೋಗಿ."