ಹಿಂದಕ್ಕೆ ತಿರುಗಿದ ರಾಟೆ

ಗೊತ್ತಿಲ್ಲ ಎನ್ನುವ ಪದ ಪಾಠ ಹೇಳುವವರ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಬೇರೆಯವರ ಮಾತು ಬಿಡಿ, ನನ್ನದನ್ನೇ ಹೇಳುತ್ತೇನೆ. ನಂಜನಗೂಡಿನಲ್ಲಿ ನಾನು ಮೊದಲು ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರುಗಳನ್ನು ಕೇಳುವವರೇ ಇಲ್ಲವಾದಾಗ ಅವನ್ನು ಅಟ್ಟಕ್ಕೇರಿಸಿ, ಮೂರು ಕಂಪ್ಯೂಟರು ತಂದಿಟ್ಟು, ಬೋರ್ಡಿನಲ್ಲಿ ಒಂದು ಪದ ಅಳಿಸಿ ಇನ್ನೊಂದು ಬರೆಸಿದೆ. ಕಲಿಯುವವರಿಗಿಂತ ಒಂದು ಪಾಠ ಮುಂದಿದ್ದರೆ ಸಾಕು ಎಂಬುದು ನನ್ನ ಸಿದ್ಧಾಂತ. ಎಷ್ಟೋ ದಿನ ಆ ಒಂದು ಪಾಠವನ್ನೂ ಬೆಳಗಿನ ಕಾಫಿ ಕುಡಿಯುತ್ತಲೇ ಓದಿಕೊಂಡು ಹೋಗಿದ್ದುಂಟು.

ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ಕುಂಟಿಕೊಂಡು ಬರುತ್ತಿದ್ದ ಕಾಲ ಅದು. ಮೈಸೂರಿನ ಗೆಳತಿಯೊಬ್ಬಳು ಒಂದು ಸೀಡಿ ಕೊಟ್ಟಳು. ಚಿತ್ರ, ಚಲನೆ, ಹಾಡು ಎಲ್ಲವನ್ನೂ ಒಂದೇ ವೆಬ್ ಪುಟದಲ್ಲಿ ಕೂರಿಸುವ ಹೊಸ ಸಾಫ್ಟ್‌ವೇರ್ ಅದರಲ್ಲಿತ್ತು. ಸೆಕೆಂಡಿಗೆ ಹನ್ನೆರಡು ಚಿತ್ರ ಓಡಿಸಿದರೆ ನಿಂತದ್ದು ನಡೆಯುತ್ತದೆ, ನಡೆದದ್ದು ಕುಣಿಯುತ್ತದೆ. ನಾನು ಮೊದಲ ವಾರ ಒಂದು ಚೆಂಡನ್ನು ಪುಟಿಸಿದೆ. ಎರಡನೆಯ ವಾರವೂ ಅದೇ ಚೆಂಡನ್ನೇ ಪುಟಿಸಿದೆ. ಆಮೇಲೆ ಊರವರಿಗೆಲ್ಲ ‘ನನಗೆ ಬರುತ್ತದೆ’ ಎಂದು ಹೇಳಿಕೊಂಡು ಬಂದೆ.

ಅದು ಬದನವಾಳು ಕಡೆಯ ಹಳ್ಳಿಯೊಂದರ ನೂಲುವ ಹೆಂಗಸರ ಸಂಘದ ಕಿವಿಗೂ ಬಿತ್ತು. ನನ್ನ ಅತ್ತೆ ಪುಟ್ಟಮ್ಮ ಅಲ್ಲೇ ಮೂವತ್ತು ವರ್ಷ ನೂತವರು. ನಮ್ಮ ಜೊತೆ ನಂಜನಗೂಡಿಗೆ ಬಂದ ಮೇಲೂ ದಿನಾ ಬಸ್ಸು ಹತ್ತಿ ಹೋಗುತ್ತಿದ್ದರು. ಪಟ್ಟಣದ ಅಂಗಡಿಯವರು ನೋಡಿ ನಮ್ಮ ನೂಲಿನ ಬಟ್ಟೆ ಕೊಳ್ಳುವಂಥ ಒಂದು ವೆಬ್ ಪುಟ ಮಾಡಿಕೊಡಿ ಎಂದು ಸಂಘದ ಕಾರ್ಯದರ್ಶಿ ಶಿವಮ್ಮನವರು ಕೇಳಿದರು. ಒಂದಷ್ಟು ದಿನ ಕೂತು ರಾಟೆ ಬರೆದೆ, ತಿರುಗಿಸಿದೆ, ಹಿನ್ನೆಲೆಗೆ ಕೊಳಲೂ ಸೇರಿಸಿದೆ. ಮೊದಲು ಅತ್ತೆಗೆ ತೋರಿಸೋಣ ಎಂದು ನನ್ನ ಕಂಪ್ಯೂಟರ್ ಸೆಂಟರಿಗೆ ಕರೆದುಕೊಂಡು ಹೋದೆ.

ಅವರು ಕನ್ನಡಕ ಏರಿಸಿ ನೋಡಿದರು. “ಇದೇನವ್ವಾ, ರಾಟೆ ಇಂದಕ್ಕೆ ತಿರುಗ್ತಾ ಅದೆ? ಇಂಗಾದ್ರೆ ನೂಲು ಬಿಚ್ಕೊಂಡು ಕಿತ್ತೋಯ್ತದೆ.”

ತಪ್ಪು ಒಪ್ಪಿಕೊಂಡರೆ ನಾನು ಮೇಡಂ ಹೇಗಾದೇನು? “ಆ ಕಡೆಯಿಂದ ನೋಡಿದರೆ ಸರಿಯಾಗೇ ತಿರುಗುತ್ತೆ, ಅತ್ತೆ” ಎಂದೆ. ಅತ್ತೆ ಎದ್ದು, ಸೆರಗು ಸರಿಮಾಡಿಕೊಂಡು, ಮಾನಿಟರಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು. “ಇಲ್ಲಿ ಬರೀ ವೈರು ಅವೆ ಕಣವ್ವ” ಎಂದರು. ಅದು ಮುಗ್ಧತೆಯೋ ಕೀಟಲೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಮಾತ್ರ ಜಗ್ಗಲಿಲ್ಲ.

ಭಾನುವಾರ ಸಂಘದ ಎಂಟು ಹೆಂಗಸರು ಬಸ್ಸಿಳಿದು ಬಂದರು. ಪುಟ ತೆರೆದುಕೊಳ್ಳುವುದರೊಳಗೆ ಒಂದು ಪೊಟ್ಟಣ ಕಡಲೆಕಾಯಿ ಖಾಲಿಯಾಯಿತು. ಕೊನೆಗೂ ರಾಟೆ ತಿರುಗಿತು. ಕೊಳಲೂ ಕೇಳಿಸಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಾಕೆ, “ಇದು ನೂಲೋ ರಾಟೆ ಅಲ್ಲ ಕಣಮ್ಮಿ, ಬಿಚ್ಚೋ ರಾಟೆ!” ಎಂದಳು. ಎಲ್ಲರೂ ಗೊಳ್ಳೆಂದರು. ನಗದವರು ಶಿವಮ್ಮನವರೊಬ್ಬರೇ. “ಅಂಗಡಿಯೋರು ಇದ ನೋಡುದ್ರೆ, ಇವ್ರಿಗೆ ನೂಲಕ್ಕೇ ಬರಾಕಿಲ್ಲ ಅನ್ಕೊಳಲ್ವಾ?” ಎಂದರು. ಅವರ ದನಿ ಕೇಳಿ ನನ್ನ ಕಿವಿ ಬಿಸಿಯಾಯಿತು. ಇವರ ಕೈಕಸುಬಿನ ಮರ್ಯಾದೆಯನ್ನು ನಾನು ಪುಟಿಯುವ ಚೆಂಡಿನಷ್ಟು ಹಗುರವಾಗಿ ಕಂಡಿದ್ದೆ.

ಆಗ ಅತ್ತೆ ಎದ್ದು ನಿಂತರು. “ನಗ್ಬೇಡಿ ಕಣ್ರಮ್ಮಿ. ನಮ್ಮ ಸೊಸೆ ಬೇಕಂತ್ಲೇ ಅಂಗೆ ಮಾಡವ್ಳೆ. ನೀವು ಕಣ್ಬುಟ್ಟು ನೋಡ್ತೀರೋ, ಸುಮ್ಕೆ ತಲೆ ಆಡಿಸ್ತೀರೋ ಅಂತ ಪರೀಕ್ಸೆ ಮಾಡವ್ಳೆ. ಸರಿಯಾದದ್ದು ಬ್ಯಾರೆ ಅದೆ.” ನಾನು ಗಂಭೀರವಾಗಿ ತಲೆಯಾಡಿಸಿದೆ. ಅಂಥ ಸುಳ್ಳಿಗೆ ತಲೆಯಾಡಿಸುವುದಕ್ಕೂ ಧೈರ್ಯ ಬೇಕು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅತ್ತೆಯ ಪಕ್ಕ ಕೂತು, “ನನಗೆ ಗೊತ್ತಿರಲಿಲ್ಲ ಅತ್ತೆ” ಎಂದೆ. “ಗೊತ್ತು ಬುಡು” ಎಂದರು ಅವರು. ಮಾರನೆಯ ಬೆಳಿಗ್ಗೆ ಆಟೋದಲ್ಲಿ ತಮ್ಮ ರಾಟೆಯನ್ನೇ ಸೆಂಟರಿಗೆ ತಂದಿಳಿಸಿದರು. ಸಾಫ್ಟ್‌ವೇರಿನಲ್ಲಿ ಬಲಕ್ಕೋ ಎಡಕ್ಕೋ ಎಂದು ಕೇಳುವ ಚಿಕ್ಕ ಪಟ್ಟಿಯೊಂದಿತ್ತು. ನಾನು ಅದನ್ನು ಓದದೆಯೇ ಒತ್ತಿದ್ದೆ. ಅದನ್ನು ಬದಲಿಸುವುದು ಒಂದು ನಿಮಿಷದ ಕೆಲಸ. ಅತ್ತೆ ಅಷ್ಟಕ್ಕೆ ಬಿಡಬೇಕಲ್ಲ. ಅವರು ನೂಲುತ್ತಾ ಹೋದರು, ನಾನು ನೋಡಿ ನೋಡಿ ಬರೆಯುತ್ತಾ ಹೋದೆ. “ತಡಿ, ಕೈ ಇನ್ನೊಸಿ ಮೇಲಕ್ಕೋಗ್ಲಿ. ಈಗ ಚೂರು ನಿಲ್ಲುಸು. ಈಗ ನೂಲ ಸುತ್ಕೊ.” ಹತ್ತಿಯ ಎಳೆ ಅವರ ಬೆರಳಿನಿಂದ ಹೊರಡುವುದನ್ನು ನಾನು ಮದುವೆಯಾದಾಗಿನಿಂದ ಕಂಡಿದ್ದೆ, ನೋಡಿದ್ದು ಆ ವಾರವೇ.

ಪುಟವನ್ನು ಮತ್ತೆ ತೋರಿಸಿದಾಗ ಯಾರೂ ನಗಲಿಲ್ಲ. ಶಿವಮ್ಮನವರು ಎರಡನೆಯ ಸಲ ಹಾಕಿಸಿ ನೋಡಿದರು. ಕೆಲವು ತಿಂಗಳಾದ ಮೇಲೆ ಮೈಸೂರಿನ ಅಂಗಡಿಯೊಂದು ಟವೆಲ್ಲು ಬೇಕೆಂದು ಫೋನ್ ಮಾಡಿತು. ಅಂದಿನಿಂದ ಅತ್ತೆ, “ನಮ್ಮ ಸೊಸೆಗೆ ಕಂಪ್ಯೂಟ್ರು ಕಲ್ಸಿದ್ದು ನಾನೇ” ಎಂದು ಬಸ್ಸಿನಲ್ಲಿ ಹೇಳಿಕೊಂಡು ಓಡಾಡಿದರು. ನಾನು ಅಲ್ಲಗಳೆಯಲಿಲ್ಲ.

ಆ ಹುಮ್ಮಸ್ಸಿನಲ್ಲಿ ಒಂದು ಸಂಜೆ ನಾನೂ ಅವರ ರಾಟೆಯ ಮುಂದೆ ಕೂತೆ. ಪ್ರತಿಯೊಂದು ಚಲನೆಯನ್ನೂ ನಾನೇ ಬರೆದಿದ್ದೆನಲ್ಲ, ಬಾಯಿಪಾಠವಾಗಿತ್ತು. ಎಳೆ ಕಿತ್ತುಹೋಯಿತು. ಸೇರಿಸಿದೆ, ಮತ್ತೆ ಕಿತ್ತಿತು. ಏಳನೆಯ ಸಲ ಕಿತ್ತಾಗ ಅತ್ತೆ ಮೆಲ್ಲಗೆ ನನ್ನ ಕೈಯಿಂದ ಹತ್ತಿ ಬಿಡಿಸಿಕೊಂಡು, ಬೆನ್ನು ಸವರಿ ಹೇಳಿದರು: “ಓಗ್ಲಿ ಬುಡವ್ವ. ಕಂಪ್ಯೂಟ್ರಲ್ಲಾದ್ರೂ ನೂಲ್ತೀಯಲ್ಲ.”