ಟೇಬಲ್ಲಿನ ಕೆಳಗಿನ ಸಾಮ್ರಾಜ್ಯ

“ಇದೇನ್ ತಂಗಿ, ಕಂಪ್ಯೂಟರೋ, ಎಲಿ-ಅಡಿಕಿ ಡಬ್ಬಿಯೋ?”

ಹೀಗೆ ಕೇಳಿದವರು ಮುದಕಪ್ಪ ಕಾಕಾ. ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲೆಂದು ಗದಗಿನ ಬಸ್‌ಸ್ಟ್ಯಾಂಡಿನ ಹಿಂದಿನ ಡಿ.ಟಿ.ಪಿ. ಅಂಗಡಿಗೆ ಬಂದು, ಅಲ್ಲಿದ್ದ ಒಂದೇ ಒಂದು ಸ್ಟೂಲಿನ ಮೇಲೆ ಕುಳಿತು, ಅಂಗೈಯಗಲದ ಬಿಳಿ ಡಬ್ಬಿಯೊಂದನ್ನು ತಿರುವಿ ತಿರುವಿ ನೋಡುತ್ತಿದ್ದರು.

“ಕಂಪ್ಯೂಟರ್ರೀ ಕಾಕಾ,” ಎಂದಳು ಅಂಗಡಿಯ ನೀಲಗಂಗಾ. “ಒಳಗ ಒಂದಽ ಹಲಗಿ. ಅದರಾಗಽ ಎಲ್ಲಾ ಕೂಡ್ಸ್ಯಾರ. ಪರದಿ ಹಚ್ಚಿ, ಕೀಬೋರ್ಡ್ ಹಚ್ಚಿ, ಕೆಲಸಾ ಮಾಡೂದು.”

“ಹಂಗಾರ ಟೇಬಲ್ ಕೆಳಗಿಂದು?”

ಕೆಳಗಿನದು! ಹನ್ನೊಂದು ವರ್ಷಗಳ ಕಲಹದ ಮೂಲವನ್ನು ಆ ಹಿರಿಯರು ಒಂದೇ ಮಾತಿನಲ್ಲಿ ಮುಟ್ಟಿಬಿಟ್ಟರು. ಇನ್ನು ಸುಮ್ಮನಿರಲು ನನ್ನಿಂದಾಗದು.

ಓ ವಿದ್ಯುದ್ದೇವಿಯೇ, ಪ್ಲಗ್ಗಿನ ತ್ರಿರಂಧ್ರವಾಸಿನಿಯೇ, ಹೇಳದೆ ಹೋಗುವವಳೇ, ಕೇಳದೆ ಬರುವವಳೇ, ಈ ಕಥೆ ಮುಗಿಯುವ ತನಕವಾದರೂ ಇದ್ದು ಹರಸು! ಜೆರಾಕ್ಸ್ ಯಂತ್ರಗಳ ಝೇಂಕಾರದಿಂದ ದಶದಿಕ್ಕುಗಳೂ ಮೊಳಗುತ್ತಿದ್ದ ಈ ಯುಗದಲ್ಲಿ, ಸಹಸ್ರಲಗ್ನಪತ್ರಿಕಾರಚನಾಧುರಂಧರೆಯೂ ಒತ್ತಕ್ಷರದೋಷಸಂಹಾರಿಣಿಯೂ ಆದ ನೀಲಗಂಗೆಯೆಂಬ ವೀರವನಿತೆ ಗದಗದಲ್ಲಿದ್ದಳು. ಲ್ಯಾಮಿನೇಶನ್‌ಕಲಾಕೋವಿದನಾದ ಅಂದಾನಪ್ಪ ಅವಳ ಗಂಡ. ಅವರ ಟೇಬಲ್ಲಿನ ಕೆಳಗೆ, ಧೂಳಿಧೂಸರಿತಗಾತ್ರದ, ಪ್ರಳಯಘೋಷದ ಫ್ಯಾನಿನ, ಮೊಣಕಾಲೆತ್ತರದ ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಂದು ಹನ್ನೊಂದು ವರ್ಷಗಳಿಂದ ಆಳುತ್ತಿತ್ತು. ಅಂದಾನಪ್ಪ ಅದನ್ನು ಅಕ್ಕರೆಯಿಂದ ‘ಆನಿ’ ಎಂದು ಕರೆಯುತ್ತಿದ್ದ. ದಿನಾ ಬೆಳಿಗ್ಗೆ ಅದರ ಎಡಗೆನ್ನೆಗೆ ಎರಡು ಏಟು ಕೊಡಬೇಕು. ಕೊಟ್ಟು ಹದಿನೇಳು ನಿಮಿಷ ಕಾಯಬೇಕು. ಆಮೇಲೆ ಅದು ಕಣ್ಣು ಬಿಡುವುದು.

ಆನೆ ಮಲಗಿದಲ್ಲಿ ಮನುಷ್ಯರ ಕಾಲಿಗೆ ಜಾಗವೆಲ್ಲಿ? ನೀಲಗಂಗೆ ಅಷ್ಟೂ ವರ್ಷ ಮುಖವನ್ನು ಉತ್ತರಕ್ಕೆ, ಮೊಣಕಾಲುಗಳನ್ನು ಪೂರ್ವಕ್ಕೆ ತಿರುಗಿಸಿ, ಹಿಂಡಿದ ಬಟ್ಟೆಯಂತೆ ಕುಳಿತು ಟೈಪು ಮಾಡಿದ್ದಳು. ಸಂಜೆ ಎದ್ದರೆ ಎಡಮಂಡಿ ‘ಕಟಕ್’ ಎನ್ನುತ್ತಿತ್ತು. ಅವಳು ಸ್ವರ್ಗ ಕೇಳಲಿಲ್ಲ, ಸಿಂಹಾಸನ ಕೇಳಲಿಲ್ಲ. ನೇರವಾಗಿ ಕಾಲು ಚಾಚಲು ಎರಡಡಿ ಅಗಲ, ಒಂದೂವರೆ ಅಡಿ ಉದ್ದದ ಭೂಮಿ ಕೇಳಿದಳು. ಅದಕ್ಕಾಗಿಯೇ ಈ ಡಬ್ಬಿಯನ್ನು ತರಿಸಿ, ಮನೆಯ ಟಿ.ವಿ.ಗೆ ಹಚ್ಚಿ, ಧಾರಾವಾಹಿಗಳನ್ನು ತ್ಯಾಗ ಮಾಡಿ, ಮೂರು ತಿಂಗಳು ತಾನೇ ಕಲಿತಿದ್ದಳು. ಇಂದು, ಶುಕ್ರವಾರ, ಅದರ ಅಂಗಡಿಪ್ರವೇಶ.

ಅಂದಾನಪ್ಪನು ಪ್ರಳಯಕಾಲದ ಮೇಘದಂತೆ ಗುಡುಗಿದನು. ಬಾಯಿಂದ ಹೊರಬಿದ್ದದ್ದು ಮಾತ್ರ ಇಷ್ಟೇ: “ಸದ್ದಿಲ್ಲಾ ಏನಿಲ್ಲಾ, ಅದೇನ್ ಕಂಪ್ಯೂಟರಽ? ಜೀವ ಐತೋ ಇಲ್ಲೋ ಗೊತ್ತಾಗೂದ್ಹೆಂಗ? ನಮ್ಮ ಆನಿ ಚಾಲೂ ಆದ್ರ ಎದುರಿನ ಚಾದಂಗಡಿಯವರಿಗೂ ಗೊತ್ತಾಗ್ತೈತಿ!”

“ಹೌದ್ರೀ, ಅವ್ರು ಗ್ಲಾಸ್ ಹಿಡ್ಕೊಂತಾರ, ಬಿದ್ದಾವಂತ,” ಎಂದಳು ನೀಲಗಂಗಾ. “ಮಾತ್ಯಾಕ? ಕಾಕಾಂದು ಹನ್ನೆರಡರ ಬಸ್ಸು. ಎಂಬತ್ನಾಕು ಹೆಸರಿನ ಪತ್ರಿಕಿ. ಅಷ್ಟರಾಗ ಯಾವ್ದು ಕೊಡ್ತೈತೋ ಅದಽ ಇರ್ಲಿ. ಸೋತದ್ದು ಹೊರಗ.”

“ಆತು! ಆನಿ ಮ್ಯಾಲ ಆಣಿ!”

ಪಣ ನಿಶ್ಚಯವಾಯಿತು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಅಂದಾನಪ್ಪ ಆನೆಯ ಎಡಗೆನ್ನೆಗೆ ಎರಡು ಬಾರಿಸಿದ. ಅದು ಕೆಮ್ಮಿತು, ನಡುಗಿತು, ಗರ್ಜಿಸತೊಡಗಿತು. ನೀಲಗಂಗಾ ಮೂಲೆಯಲ್ಲಿದ್ದ ಎರಡನೆಯ ಪರದೆಯ ವೈರು ಎಳೆಯಲು ಟೇಬಲ್ಲಿನ ಕೆಳಗೆ, ತಾನು ಗೆಲ್ಲಬೇಕಾದ ಆ ನೆಲದೊಳಕ್ಕೇ, ತಲೆ ತೂರಿಸಿದಳು.

ಈಗ ಅಂದಾನಪ್ಪನ ಧರ್ಮಬುದ್ಧಿಯನ್ನು ನೋಡಿರಿ. ಹೊಸ ಸಾಮಾನು ಶತ್ರುಪಕ್ಷದ್ದಾದರೂ ಪೂಜೆಯಿಲ್ಲದೆ ಕೆಲಸಕ್ಕೆ ಹಚ್ಚಬಹುದೇ? ಡಬ್ಬಿಗೆ ಮೂರು ಬೆರಳು ವಿಭೂತಿ ಎಳೆದ, ಚೆಂಡುಹೂ ಇಟ್ಟ, ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ಒಡೆದ ಕಾಯಿಯ ಹೋಳುಗಳ ನಡುವೆ ಕೂರಿಸಿ ಊದುಬತ್ತಿ ಬೆಳಗಿದ. ಪೂಜೆಯಾದ ಮೇಲೆ ತಟ್ಟೆಯಲ್ಲಿದ್ದದ್ದು ಬಂದ ಹಿರಿಯರಿಗೆ ಹೋಗಬೇಕು. ಆ ಅಂಗಡಿಯ ಪದ್ಧತಿಯೇ ಹಾಗೆ. ಒಂದು ಕಣ್ಣು ಆನೆಯ ಮೇಲಿಟ್ಟೇ ಅವನು ತಟ್ಟೆಯನ್ನು ಹಾಗೇ ಕಾಕಾನ ಚೀಲಕ್ಕೆ ಸುರುವಿ, ಕಾಲಿಗೆ ನಮಸ್ಕರಿಸಿದ.

“ಚಾ ಕುಡದ್ ಬರ್ತೀನ್ ತಮ್ಮಾ. ಹೆಸರಿನ ಪಟ್ಟಿ ಇಲ್ಲೈತಿ, ನೋಡ್ಕೋರಿ,” ಎಂದು ಕಾಕಾ ಹೊರಟರು.

ತಲೆತುಂಬ ಜೇಡರಬಲೆಯನ್ನು ಕಿರೀಟದಂತೆ ಧರಿಸಿ ನೀಲಗಂಗಾ ಮೇಲೆದ್ದಳು. ತಟ್ಟೆಯಲ್ಲಿ ಬೂದಿ ಮತ್ತು ಅಂಟಿಕೊಂಡಿದ್ದ ಚೆಂಡುಹೂವಿನ ಹೊರತು ಏನೂ ಇರಲಿಲ್ಲ.

“ರೀ, ನನ್ನ ಡಬ್ಬಿ ಎಲ್ಲೈತ್ರೀ?”

ಅಂದಾನಪ್ಪನಿಗೆ ಎಲ್ಲವೂ ಆ ಕ್ಷಣದಲ್ಲೇ ಹೊಳೆಯಿತು. ಆದರೆ ಬಾಯಿ ತೆರೆಯಲಿಲ್ಲ. ತೆರೆಯುವುದೇಕೆ? ಒಂದು ಗಂಟೆ ಸುಮ್ಮನಿದ್ದರೆ ಆನೆಯ ಸಾಮ್ರಾಜ್ಯ ಅಜರಾಮರ! ಅವನು ಆನೆಯ ಕಡೆ ನೋಡಿದ. ಅದು ಅಪ್‌ಡೇಟ್ ಎಂಬ ಯೋಗನಿದ್ರೆಗಿಳಿದು, ನಾಲ್ಕು ಪರ್ಸೆಂಟಿನಲ್ಲಿ ನಿಂತು, ‘ನನ್ನನ್ನು ಬಂದ್ ಮಾಡಬೇಡಿ’ ಎಂದು ಬೇಡುತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ತಟ್ಟೆ ಎತ್ತಿ ಕೆಳಗೆ ನೋಡಿದಳು, ಚೆಂಡುಹೂ ಕೊಡವಿ ನೋಡಿದಳು. ಆಮೇಲೆ ಹುಡುಕುವುದನ್ನು ಬಿಟ್ಟು, ಪಟ್ಟಿ ಕೈಗೆತ್ತಿಕೊಂಡು, ಮೊಣಕಾಲುಗಳನ್ನು ಪೂರ್ವಕ್ಕೆ ತಿರುಗಿಸಿ ಕುಳಿತಳು. ಎಡಮಂಡಿ ‘ಕಟಕ್’ ಎಂದಿತು.

ಆ ಸಪ್ಪಳವನ್ನು ಹನ್ನೊಂದು ವರ್ಷ ಫ್ಯಾನಿನ ಘೋಷ ನುಂಗಿತ್ತು. ಅಂದು ನುಂಗಲಿಲ್ಲ.

ಆಗ ಅಂದಾನಪ್ಪ ಓಡಿದ ಓಟವನ್ನು ಏನೆಂದು ವರ್ಣಿಸಲಿ! ಚಪ್ಪಲಿಯಿಲ್ಲದೆ, ವಿಭೂತಿಹಸ್ತನಾಗಿ, ತರಕಾರಿಗಾಡಿಗಳ ಚಕ್ರವ್ಯೂಹವನ್ನು ಭೇದಿಸಿ, ಮಲಗಿದ್ದ ಎಮ್ಮೆಯೊಂದನ್ನು ಲಂಘಿಸಿ, ರಸ್ತೆಯೆಂಬ ಮಹಾರ್ಣವವನ್ನು ದಾಟಿ ಅವನು ಎದುರಿನ ಚಾದಂಗಡಿಯನ್ನು ತಲುಪಿದ. ಅಲ್ಲಿ ಮುದಕಪ್ಪ ಕಾಕಾ, ಒಂದು ಕೈಯಲ್ಲಿ ಎಲೆ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು, ಇರುವ ನಾಲ್ಕು ಹಲ್ಲುಗಳ ಪೈಕಿ ಗಟ್ಟಿಯಾದದ್ದನ್ನು ಅದರ ಅಂಚಿಗೆ ಊರಿದ್ದರು.

“ಕಾಕಾ, ಕಡೀಬ್ಯಾಡ್ರೀ! ಅದು ನನ್ನ ಹೇಣ್ತಿ ಕಂಪ್ಯೂಟರ್ರೀ!”

“ಏ ಅಂದಾನಿ, ಮುಚ್ಚಳಾ ತಗಿಯೂದು ಹೇಳದಽ ಕೊಟ್ಟಿಯಲ್ಲೋ! ನಾ ಅಂದ್ಕೊಂಡೆ, ತಂಗಿ ಕಂಪ್ಯೂಟರ್ ಅಂದದ್ದು ತಮಾಷಿ, ಪತ್ರಿಕಿ ಮಾಡಿಸಿದವರಿಗೆ ಡಬ್ಬಿ ಫ್ರೀ ಅಂತ!”

ಹನ್ನೊಂದೂಕಾಲಿಗೆ, ಹಿಂದೆಯೇ ಬಂದ ಕಾಕಾನ ಸಮೇತ, ಡಬ್ಬಿ ಟೇಬಲ್ಲಿಗೆ ಮರಳಿತು. ಅದರ ಒಂದು ಕಿಂಡಿಯಲ್ಲಿ ಅಡಿಕೆಚೂರು ಕೋಟೆ ಕಟ್ಟಿ ಕುಳಿತಿತ್ತು. ನೀಲಗಂಗಾ ತಲೆಯಿಂದ ಪಿನ್ನೆಂಬ ದಿವ್ಯಾಸ್ತ್ರವನ್ನು ಸೆಳೆದು ಅದನ್ನು ಕೆಡವಿದಳು. ವೈರು ಚುಚ್ಚಿದಳು. ಒಂದು ಹಸಿರು ದೀಪ ಮಿಣುಕಿತು. ಸದ್ದಿಲ್ಲ. ಅಂದಾನಪ್ಪ ಕಿವಿಯನ್ನು ಡಬ್ಬಿಗೆ ಹಚ್ಚಿ ಆಲಿಸುವಷ್ಟರಲ್ಲಿ ಪರದೆ ಬೆಳಗಿತು.

ಆಮೇಲೆ ಅವಳ ಬೆರಳುಗಳು ಶರವರ್ಷ ಸುರಿಸಿದವು. ವಧುವಿನ ಅಜ್ಜಂದಿರು ಬಂದರು, ಸೋದರಮಾವಂದಿರು ಗುಂಪಾಗಿ ಬಂದರು, ‘ಸುಖಾಗಮನ ಬಯಸುವವರು’ ಅಕ್ಷೌಹಿಣಿಯಾಗಿ ಬಂದು ಸಾಲುಗಟ್ಟಿದರು. ನಡುವೆ ಕಾಕಾಗೆ ಮರೆತಿದ್ದ ಬೀಗರೊಬ್ಬರು ನೆನಪಾದರು. ಅವರನ್ನು ಎರಡನೆಯ ಸಾಲಿಗೆ ಸೇರಿಸದಿದ್ದರೆ ಲಗ್ನವೇ ನಿಲ್ಲುತ್ತಿತ್ತು. ಹನ್ನೆರಡಕ್ಕೆ ಎಂಟು ನಿಮಿಷವಿರುವಾಗ ಪ್ರಿಂಟರು ಎಂಬತ್ತೈದು ಹೆಸರಿನ ಪತ್ರಿಕೆಯನ್ನು ಹೆತ್ತಿತು. ಆನೆ ಅರವತ್ತೊಂದು ಪರ್ಸೆಂಟಿನಲ್ಲಿತ್ತು.

“ಗೆದ್ದಿ ಬಿಡವಾ ತಂಗಿ!” ಎಂದು ಕಾಕಾ ಪತ್ರಿಕೆ ಮಡಚಿಕೊಂಡು ಬಸ್ಸಿಗೆ ನಡೆದರು.

ಅಂದಾನಪ್ಪ ಆನೆಯ ವೈರುಗಳನ್ನು ಒಂದೊಂದಾಗಿ ಬಿಡಿಸಿ, ತಬ್ಬಿ ಎತ್ತಿ, ಹೊಸ್ತಿಲಾಚೆ ಇಟ್ಟ. ಅದು ತೆರವು ಮಾಡಿದ ಮಹಾಸಾಮ್ರಾಜ್ಯದಲ್ಲಿ ಸಿಕ್ಕ ಸಂಪತ್ತು: ಒಂದು ಪೆನ್ನಿನ ಟೋಪಿ, ಎರಡು ಶೇಂಗಾ ಸಿಪ್ಪೆ, ಯಾರದೋ ಪಾಸ್‌ಪೋರ್ಟ್ ಅಳತೆಯ ಫೋಟೋ. ನೀಲಗಂಗಾ ಕಸ ಹೊಡೆದು, ಎರಡೂ ಕಾಲುಗಳನ್ನು ನೇರ ಚಾಚಿ, ಬೆರಳುಗಳನ್ನು ಕುಣಿಸಿ, ಕಣ್ಣು ಮುಚ್ಚಿ, ಚಕ್ರವರ್ತಿನಿಯ ಒಂದು ದೀರ್ಘ ಉಸಿರು ಬಿಟ್ಟಳು. ಆಮೇಲೆ ಮುಂದಿನ ಪತ್ರಿಕೆ ಎತ್ತಿಕೊಂಡಳು. ಎರಡು ಸಾಲು ಟೈಪು ಮಾಡುವಷ್ಟರಲ್ಲಿ ಅವಳ ಮೊಣಕಾಲುಗಳು ಮೆಲ್ಲಗೆ, ಅವಳನ್ನು ಕೇಳದೆಯೇ, ಪೂರ್ವಕ್ಕೆ ತಿರುಗಿದವು.

“ಯಾಕ, ಮತ್ತ ಅಡ್ಡಽ ಕುಂತಿ?” ಎಂದ ಅಂದಾನಪ್ಪ ಬಾಗಿಲಿನಿಂದ.

“ನೆಟ್ಟಗ ಕುಂತ್ರ ಬೆರಳಽ ಓಡವಲ್ವು ಹಾಳಾದ್ದು,” ಎಂದಳು ನೀಲಗಂಗಾ. “ನಾಳಿಂದ ನೇರ ಕುಂದರ್ತೀನಿ ತಗೋರಿ.”

ಅಂದಾನಪ್ಪ ಹೊಸ್ತಿಲಾಚೆಯ ಪೆಟ್ಟಿಗೆಯ ಎಡಗೆನ್ನೆಗೆ ಎರಡು ಏಟು ಹಾಕಿದ. ಒಂದು ಗಳಿಗೆ ಕಾದ. ಆಮೇಲೆ ಅದರ ಮೇಲೆಯೇ ಕುಳಿತು, ತಟ್ಟೆಯಿಂದ ಉರುಳಿ ಮೂಲೆ ಸೇರಿದ್ದ ಬಾಳೆಹಣ್ಣು ಸುಲಿಯತೊಡಗಿದ.