ಪುಕ್ಕಟೆ ಇಸ್ತ್ರಿಪೆಟ್ಟಿಗೆಯ ಸಂಪೂರ್ಣ ಸತ್ಯ

"ಇವತ್ತಿನಿಂದ ನನ್ನ ಚಾನೆಲ್‌ನಲ್ಲಿ ಮುಚ್ಚುಮರೆ ಅನ್ನೋದೇ ಇಲ್ಲ!" ಎಂದು ದರ್ಜಿ ತನ್ನ ಅಂಗಡಿಯ ಕನ್ನಡಿಯೆದುರು ಘೋಷಿಸಿದ. ಹೋದ ವಾರ ಯಾರೋ ಪುಣ್ಯಾತ್ಮ ಅವನ ವಿಡಿಯೋ ಕೆಳಗೆ, "ಪುಕ್ಕಟೆ ಸಿಕ್ಕ ಕತ್ತರಿಯನ್ನು ಹೀಗೆ ಹೊಗಳ್ತೀಯಲ್ಲ, ನಾಚಿಕೆಯಿಲ್ವಾ?" ಎಂದು ಬರೆದಿದ್ದ. ಕತ್ತರಿ ಪುಕ್ಕಟೆ ಬಂದದ್ದು ನಿಜ. ಅದಕ್ಕೇ ಮಾತು ನಾಟಿತ್ತು.

ಈ ಸಲ ಕಂಪನಿಯೊಂದು ಇಸ್ತ್ರಿಪೆಟ್ಟಿಗೆ ಕಳಿಸಿತ್ತು. ದರ್ಜಿ ಲೈವ್ ಶುರುಮಾಡಿ, ಮಾವನ ಹೊಸ ಪ್ಯಾಂಟನ್ನು ಮೇಜಿನ ಮೇಲೆ ಹರಡಿದ. ಮಾವನಿಗೆ ಅಂದೇ ನಾಲ್ಕು ಗಂಟೆಗೆ ಆಫೀಸಿನಲ್ಲಿ ಬೀಳ್ಕೊಡುಗೆ. ಮೂವತ್ತೈದು ವರ್ಷದ ನೌಕರಿಯಲ್ಲಿ ಹೊಲಿಸಿದ್ದು ಇದೊಂದೇ ಸೂಟು, ಅದೂ ಅಳಿಯನ ಕೈಯಲ್ಲಿ. ಅವರು ಟವೆಲ್ ಸುತ್ತಿಕೊಂಡು ಒಳಕೋಣೆಯಲ್ಲಿ ಕಾಯುತ್ತಿದ್ದರು.

ಕಾದ ಪೆಟ್ಟಿಗೆಯನ್ನು ಪ್ಯಾಂಟಿನ ಮೇಲಿಟ್ಟು ದರ್ಜಿ ಎದೆ ಮುಟ್ಟಿಕೊಂಡ. "ಮಹಾಜನಗಳೇ! ಇದಕ್ಕೆ ನಾನು ನಯಾಪೈಸೆ ಕೊಟ್ಟಿಲ್ಲ. ಕೆಳಗಿನ ಲಿಂಕ್ ಒತ್ತಿ ನೀವು ಕೊಂಡರೆ ನನಗೆ ಕಮಿಷನ್ ಬರುತ್ತೆ. ಹೋದ ವಾರದ ಕತ್ತರಿಯೂ ಪುಕ್ಕಟೆ! ಅದಕ್ಕೂ ಹಿಂದಿನ ಸೂಜಿ ಡಬ್ಬಿ..."

"ರೀ, ಇಸ್ತ್ರಿ!" ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

"ಮಧ್ಯೆ ಬಾಯಿ ಹಾಕಬೇಡ ಕಣೇ! ಸತ್ಯ ಹೇಳ್ತಾ ಇದ್ದೀನಿ!"

"ಸತ್ಯ ಆಮೇಲೆ ಹೇಳಿ, ಮೊದಲು ಅದನ್ನ ಎತ್ತಿ!"

ಹೊಗೆ ಎದ್ದಿತು. ಎತ್ತಿ ನೋಡಿದರೆ ಪ್ಯಾಂಟಿನ ಹಿಂಭಾಗದಲ್ಲಿ ಅಂಗೈಯಗಲದ ಕಿಟಕಿ! ದರ್ಜಿ ಗಡಿಬಿಡಿಯಲ್ಲಿ ಲೈವ್ ನಿಲ್ಲಿಸಿದ.

"ಅಪ್ಪನಿಗೆ ಹೇಳಿಬಿಡಿ."

"ಹುಚ್ಚಾ ನಿನಗೆ? ಕೋಟು ಉದ್ದ ಇದೆ, ಮುಚ್ಚುತ್ತೆ. ಅವರು ಬಗ್ಗದಿದ್ರೆ ಸಾಕು."

"ಎಲ್ಲರೂ ಚಪ್ಪಾಳೆ ತಟ್ಟಿದಾಗ ಬಗ್ಗಿ ನಮಸ್ಕಾರ ಮಾಡಲ್ವೇನ್ರೀ?"

ಲೋಕಕ್ಕೆಲ್ಲ ಸತ್ಯ ಹಂಚಿದ ಮಹಾನುಭಾವ ಪ್ಯಾಂಟಿನ ಒಳಗಿನಿಂದ ದಡಬಡ ಒಂದು ತೇಪೆ ಹಾಕಿದ. ಬಣ್ಣ ಹೊಂದಲಿಲ್ಲ. ಆದರೂ ಮಡಿಸಿ, ಮುಖದ ತುಂಬ ನಗು ತಂದುಕೊಂಡು ಮಾವನ ಕೈಗಿಟ್ಟ. "ಗರಿಗರಿ ಇಸ್ತ್ರಿ, ಮಾವ!"

ಮಾವ ಮಡಿಕೆ ಬಿಚ್ಚಲಿಲ್ಲ. ತಮ್ಮ ಮೊಬೈಲನ್ನು ಅವನತ್ತ ತಿರುಗಿಸಿದರು. ಅದರಲ್ಲಿ ಎದೆ ಮುಟ್ಟಿಕೊಂಡ ಅಳಿಯ, ಪಕ್ಕದಲ್ಲಿ ಹೊಗೆ.

"ನೀವಾಗಿ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ ಅಳಿಯಂದ್ರೇ. ನೋಡಿ, ನನ್ನ ಅಳಿಯ ಅಂತ ಹೆಮ್ಮೆಯಿಂದ ಆಫೀಸಿನವರಿಗೆಲ್ಲ ಈ ಲೈವ್ ಕಳಿಸಿದ್ದೆ. ಕತ್ತರಿ, ಸೂಜಿ, ಕಮಿಷನ್ ಎಲ್ಲಾ ಹೇಳಿದ್ರಿ. ಪ್ಯಾಂಟು ಯಾರದು ಅನ್ನೋದೊಂದನ್ನ ಬಿಟ್ರಿ. ಅದನ್ನ ನಾಲ್ಕು ಗಂಟೆಗೆ ನಾನೇ ಬಹಿರಂಗ ಮಾಡಬೇಕು, ಅಲ್ವಾ?"